ಮನುಷ್ಯನ ವರ್ಣತಂತು 48ರಿಂದ 46ಕ್ಕೆ ಇಳಿದದ್ದು ಹೇಗೆ?

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳು (ಕ್ರೋಮೋಸೋಮ್) ಇವೆ ಎಂದು ಇವತ್ತು ಹೈಸ್ಕೂಲಿನ ಮಕ್ಕಳೂ ಹೇಳುತ್ತಾರೆ. 1955ರವರೆಗೆ ಪಠ್ಯಪುಸ್ತಕಗಳಲ್ಲಿ ಇದ್ದದ್ದು 48. ಡಿಎನ್‌ಎಯ ಜೋಡಿಸುರುಳಿ ರಚನೆ ಗೊತ್ತಾದದ್ದು 1953ರಲ್ಲಿ. ಡಿಎನ್‌ಎಯ ಆಕಾರ ತಿಳಿದ ಮೇಲೂ ಅದನ್ನು ಹೊತ್ತ ತಂತುಗಳ ಲೆಕ್ಕ ತಪ್ಪಾಗಿಯೇ ಉಳಿದಿತ್ತು.

ಎಣಿಸುವವರು ಅಸಡ್ಡೆಯವರೇನಲ್ಲ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರಲ್ಲೇ ಸಲಮಾಂಡರ್ ಎಂಬ ಉಭಯಚರದ ಮರಿಗಳ ಕೋಶಗಳನ್ನು ನೋಡಿ, ಒಂದು ಕೋಶ ಎರಡಾಗುವ ಸಮವಿಭಜನೆಯ ಹಂತಗಳನ್ನು ಚೆಂದವಾಗಿ ಬರೆದು ತೋರಿಸಿದ್ದರು. ಆದರೆ ಸಲಮಾಂಡರ್ ತಂತುಗಳು ದೊಡ್ಡವು. ಮನುಷ್ಯನವು ಚಿಕ್ಕವು, ಸಂಖ್ಯೆಯಲ್ಲಿ ಹೆಚ್ಚು, ಸಾಲದ್ದಕ್ಕೆ ಒಂದರ ಮೇಲೊಂದು ಬಿದ್ದಿರುತ್ತವೆ. ಬೆಲ್ಜಿಯಮ್ಮಿನ ಫಾನ್ ವಿನಿವಾರ್ಟರ್ 1912ರಲ್ಲಿ ಗಂಡಿಗೆ 47, ಹೆಣ್ಣಿಗೆ 48 ಎಂದರು. ಗಂಡಿನಲ್ಲಷ್ಟೇ ಇರುವ ಚಿಕ್ಕ ವೈ ತಂತು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಗುರುತಿಸಿದವರು ಟೆಕ್ಸಾಸ್‌ನ ಥಿಯೋಫಿಲಸ್ ಪೇಂಟರ್. 1921ರ ಮೊದಲ ವರದಿಯಲ್ಲಿ ಅವರು, ಅತಿ ಸ್ಪಷ್ಟವಾಗಿರುವ ಕೋಶಗಳಲ್ಲಿ 46 ಮಾತ್ರ ಕಂಡಿವೆ ಎಂದೇ ಬರೆದಿದ್ದರು. 1923ರ ಹೊತ್ತಿಗೆ ಮನಸ್ಸು 48ರ ಕಡೆ ವಾಲಿತು. ಸರಿಯುತ್ತರ ಕೈಗೆ ಬಂದು ಜಾರಿಹೋದದ್ದು ಅಲ್ಲಿ.

ತಪ್ಪು ಹುಟ್ಟಿದ್ದು ವಿಧಾನದಲ್ಲಿ. ಆಗ ವೃಷಣದ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ತೆಳುಪದರಗಳಾಗಿ ಕೊಯ್ಯುತ್ತಿದ್ದರು. ಬ್ಲೇಡು ಕೋಶದ ನಡುವೆ ಹಾದರೆ ಕೆಲವು ತಂತುಗಳು ಪಕ್ಕದ ಪದರಕ್ಕೆ ಹೋಗುತ್ತವೆ, ಉದ್ದನೆಯದೊಂದು ತುಂಡಾದರೆ ಎರಡಾಗಿ ಲೆಕ್ಕಕ್ಕೆ ಬರುತ್ತದೆ. ಕೋಶ ಇಡಿಯಾಗಿ ಉಳಿದರೂ ತಂತುಗಳ ಗುಂಪು ಬಿಡಿಸಲಾಗದ ಗಂಟು. ಇಲ್ಲಿ ಎರಡು ಇರಬಹುದು, ಅಲ್ಲಿ ಒಂದು ಮರೆಯಾಗಿರಬಹುದು ಎಂದು ಪ್ರತಿ ಗಂಟಿನಲ್ಲೂ ನಿರ್ಧರಿಸಬೇಕಾಗುತ್ತಿತ್ತು. 48 ಬರಬೇಕು ಎಂದು ಮೊದಲೇ ಗೊತ್ತಿದ್ದವರಿಗೆ 48 ಬರುತ್ತಿತ್ತು.

ಬೀಗ ತೆರೆದದ್ದು ಉಪ್ಪು ಕಡಿಮೆಯಾದ ನೀರು. 1952ರಲ್ಲಿ ಟೆಕ್ಸಾಸ್‌ನಲ್ಲಿದ್ದ ಟಿ. ಸಿ. ಶು ಅವರ ಸ್ಲೈಡುಗಳಲ್ಲಿ ತಂತುಗಳು ಒಮ್ಮೆಲೇ ಬಿಡಿಬಿಡಿಯಾಗಿ ಹರಡಿಕೊಂಡವು. ಕೋಶಗಳನ್ನು ತೊಳೆಯುವ ದ್ರಾವಣದಲ್ಲಿ ಉಪ್ಪು ಕಡಿಮೆ ಬಿದ್ದಿತ್ತು, ಅಷ್ಟೆ. ಹೊರಗೆ ಲವಣ ಕಡಿಮೆಯಾದರೆ ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ, ಒಳಗಿನ ಗಂಟು ಸಡಿಲವಾಗುತ್ತದೆ. ಇವತ್ತಿನ ಪ್ರಯೋಗಾಲಯಗಳಲ್ಲಿ ಇದಕ್ಕೆ 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಬಳಸುತ್ತಾರೆ: ಲೀಟರಿಗೆ ಸುಮಾರು 5.6 ಗ್ರಾಂ, 37 ಡಿಗ್ರಿ ಸೆಲ್ಸಿಯಸ್, ಹೆಚ್ಚುಕಡಿಮೆ 20 ನಿಮಿಷ. ಸಮಯ ಸಾಲದಿದ್ದರೆ ತಂತುಗಳು ಗುಂಪಾಗಿಯೇ ಉಳಿಯುತ್ತವೆ. ಅತಿಯಾದರೆ ಕೋಶ ಒಡೆದು ಅವು ಚೆಲ್ಲಾಪಿಲ್ಲಿಯಾಗಿ ಲೆಕ್ಕ ಕಡಿಮೆ ಬರುತ್ತದೆ. ತಮಾಷೆಯೆಂದರೆ, ಇಷ್ಟು ಒಳ್ಳೆಯ ಸ್ಲೈಡು ಎದುರಿಗಿದ್ದರೂ ಶು ಬರೆದದ್ದು 48.

ಎರಡನೆಯ ಕೀಲಿ ಕೈ ಬಂದದ್ದು ಈರುಳ್ಳಿಯ ಬೇರಿನಿಂದ. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಈರುಳ್ಳಿ ಬೇರಿಗೆ ಕೋಲ್ಚಿಸಿನ್ ಎಂಬ ರಾಸಾಯನಿಕ ಕೊಟ್ಟು ನೋಡಿದ್ದರು. ತಂತುಗಳನ್ನು ಎಳೆಯುವ ಕದಿರೆಳೆಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ, ಹಾಗಾಗಿ ವಿಭಜನೆ, ತಂತುಗಳು ಬೇರೆಯಾಗುವ ಮುಂಚಿನ ಹಂತವಾದ ಮೆಟಾಫೇಸಿನಲ್ಲೇ ನಿಂತುಬಿಡುತ್ತದೆ. ತಂತುಗಳು ಗಿಡ್ಡವಾಗಿ, ದಪ್ಪವಾಗಿ, ಎಣಿಸಲು ಒದಗುತ್ತವೆ. ಸಸ್ಯದವರು ಬಳಸುತ್ತಿದ್ದ ಇನ್ನೊಂದು ಉಪಾಯ ಬೇರುತುದಿಯನ್ನು ಕೊಯ್ಯದೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡುವುದು. ಕೋಶ ಇಡಿಯಾಗಿ ಉಳಿಯುತ್ತದೆ, ತಂತುಗಳು ಒಂದೇ ಮಟ್ಟಕ್ಕೆ ಬರುತ್ತವೆ.

ಪಿಯು ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಬೆಳಿಗ್ಗೆ ಕತ್ತರಿಸಿದ ಬೇರುತುದಿಯನ್ನು ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೊಹಾಲಿನಲ್ಲಿ 24 ಗಂಟೆ ಇಡಬೇಕು. ನಂತರ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಮೆದುಮಾಡಿ, ಅಸಿಟೊಕಾರ್ಮಿನ್ ಬಣ್ಣ ಹಾಕಿ, ಬೆಚ್ಚಗೆ ಮಾಡಿ ಒತ್ತಬೇಕು. ತುದಿಯ 2–3 ಮಿಲಿಮೀಟರ್ ಮಾತ್ರ ತೆಗೆದುಕೊಳ್ಳಿ, ಅದರ ಮೇಲಿನ ಕೋಶಗಳು ಬರೀ ಉದ್ದ ಬೆಳೆಯುತ್ತವೆ, ವಿಭಜನೆ ಕಾಣುವುದಿಲ್ಲ. ಆಮ್ಲ ಸಾಲದಿದ್ದರೆ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒತ್ತುವಾಗ ಕವರ್ ಸ್ಲಿಪ್ ಪಕ್ಕಕ್ಕೆ ಸರಿದರೆ ಎಲ್ಲ ಉರುಳಿ ಸುತ್ತಿಕೊಳ್ಳುತ್ತದೆ. ಈರುಳ್ಳಿಯಲ್ಲಿ 16 ತಂತುಗಳು. ರೆಕಾರ್ಡ್ ಪುಸ್ತಕದಲ್ಲಿ ಎಲ್ಲರಿಗೂ 16 ಬಂದಿರುತ್ತದೆ, ಸ್ಲೈಡಿನಲ್ಲಿ 11 ಕಂಡವರಿಗೂ.

ಈ ಉಪಾಯಗಳನ್ನೆಲ್ಲ ಸೇರಿಸಿದವರು ಜಾವಾದಲ್ಲಿ ಹುಟ್ಟಿದ, ಸ್ಪೇನಿನಲ್ಲಿ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದ ಜೋ ಹಿನ್ ತ್ಯೋ. ಲುಂಡ್‌ನಲ್ಲಿ ಲೆವಾನ್ ಅವರ ಪ್ರಯೋಗಾಲಯಕ್ಕೆ ಬಂದಿದ್ದಾಗ, 1955ರ ಡಿಸೆಂಬರ್ 22ರಂದು, ಭ್ರೂಣದ ಶ್ವಾಸಕೋಶದ ಕೋಶಗಳಲ್ಲಿ ಅವರಿಗೆ ಕಂಡದ್ದು 46. ಎಣಿಸಿದ 261 ಮೆಟಾಫೇಸುಗಳಲ್ಲಿ ಹೆಚ್ಚಿನವು ಅದೇ ಸಂಖ್ಯೆ. 1956ರಲ್ಲಿ ಲೇಖನ ಹೊರಬಂತು. ಅದರಲ್ಲೊಂದು ಮಾತಿದೆ: ಅದಕ್ಕೂ ಮುಂಚೆ ಭ್ರೂಣದ ಯಕೃತ್ತಿನ ಕೋಶ ನೋಡುತ್ತಿದ್ದ ಸಹೋದ್ಯೋಗಿಗಳು ಕೆಲಸ ನಿಲ್ಲಿಸಿಬಿಟ್ಟಿದ್ದರು, ಎಷ್ಟು ಹುಡುಕಿದರೂ 48 ಸಿಗದೆ 46ಕ್ಕೇ ನಿಲ್ಲುತ್ತಿತ್ತು ಎಂಬ ಕಾರಣಕ್ಕೆ! ಅದೇ ವರ್ಷ ಇಂಗ್ಲೆಂಡಿನ ಫೋರ್ಡ್ ಮತ್ತು ಹ್ಯಾಮರ್ಟನ್ ವೃಷಣದಲ್ಲಿ ವೀರ್ಯಾಣು ಹುಟ್ಟುವ ವಿಭಜನೆಯಾದ ಮಿಯಾಸಿಸ್‌ನಲ್ಲಿ 23 ಜೋಡಿ ಕಂಡರು. ಮಾತು ಮುಗಿಯಿತು.

ಸರಿಯಾದ ಮೂಲಸಂಖ್ಯೆ ಸಿಕ್ಕ ಮೇಲಷ್ಟೇ ಹೆಚ್ಚುಕಡಿಮೆಯನ್ನು ಕಾಯಿಲೆಯೊಂದಿಗೆ ಜೋಡಿಸಲು ಆಯಿತು. 1959ರಲ್ಲಿ ಪ್ಯಾರಿಸ್ಸಿನಲ್ಲಿ ಡೌನ್ ಸಿಂಡ್ರೋಮ್ ಇರುವವರ ಕೋಶಗಳಲ್ಲಿ 47 ಕಂಡಿತು, 21ನೇ ತಂತು ಮೂರು. 48 ಸಾಮಾನ್ಯ ಎಂದು ನಂಬಿದ್ದರೆ ಇದನ್ನು ‘ಒಂದು ಕಡಿಮೆ’ ಎಂದು ಓದಬೇಕಾಗುತ್ತಿತ್ತು.

ಇನ್ನು ವಿಕಾಸದ ಕಡೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರಕ್ಕೂ 48. ನಮ್ಮಲ್ಲಿ ಒಂದು ಜೋಡಿ ಎಲ್ಲಿ ಹೋಯಿತು? ಕಳೆದುಹೋಗಿಲ್ಲ, ಎರಡು ತಂತುಗಳು ತುದಿಗೆ ತುದಿ ಬೆಸೆದು ನಮ್ಮ 2ನೇ ತಂತು ಆಗಿದೆ. ತುದಿಗಳಲ್ಲಷ್ಟೇ ಇರಬೇಕಾದ ಟೆಲೊಮಿಯರ್ ಅಕ್ಷರಸಾಲು ಅದರ ನಡುವೆ ಎದುರುಬದುರಾಗಿ ಕೂತಿರುವುದನ್ನು 1991ರಲ್ಲಿ ತೋರಿಸಿದರು. ಕದಿರೆಳೆಗಳು ತಂತುವಿಗೆ ಅಂಟುವ ಜಾಗವೇ ಸೆಂಟ್ರೊಮಿಯರ್; ಕೆಲಸ ಮಾಡದ ಎರಡನೆಯ ಸೆಂಟ್ರೊಮಿಯರ್‌ನ ಗುರುತೂ ಅದರಲ್ಲಿದೆ. ಬೆಸೆದ ತಂತುವಿದ್ದ ಮೊದಲ ಜೀವಿಗೆ ಮಕ್ಕಳಾದದ್ದು ಹೇಗೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಮಿಯಾಸಿಸ್‌ನಲ್ಲಿ ಬೆಸೆದದ್ದೊಂದು, ಬಿಡಿಯಾದವೆರಡು ಸೇರಿ ಮೂರರ ಗುಂಪಾಗಿ ನಿಲ್ಲಬಲ್ಲವು. ಕೆಲವು ಗರ್ಭಗಳು ನಿಲ್ಲದಿರಬಹುದು, ಉಳಿದವು ನಿಲ್ಲುತ್ತವೆ. ಇವತ್ತಿಗೂ ಸುಮಾರು ಸಾವಿರಕ್ಕೊಬ್ಬರಲ್ಲಿ ಬೇರೆ ಬಗೆಯ ಇಂಥ ಬೆಸುಗೆಯಿಂದ 45 ತಂತುಗಳಿವೆ, ಹೆಚ್ಚಿನವರಿಗೆ ಅದರ ಅರಿವೇ ಇರುವುದಿಲ್ಲ.

ಬೆಸುಗೆ ಎಲ್ಲಿಯವರೆಗೆ ಹೋಗಬಹುದು ಎಂದರೆ ನಮ್ಮ ಪಶ್ಚಿಮ ಘಟ್ಟದ ಕಾಡುಕುರಿಯನ್ನು (ಬೊಗಳುವ ಜಿಂಕೆ) ನೋಡಬೇಕು. ಅದರ ಚೀನೀ ಸಂಬಂಧಿಗೆ 46 ತಂತುಗಳಿದ್ದರೆ ನಮ್ಮದರ ಹೆಣ್ಣಿಗೆ 6, ಗಂಡಿಗೆ 7. ಸಸ್ತನಿಗಳಲ್ಲೇ ಇದು ಅತಿ ಕಡಿಮೆ. ಒಂದೊಂದೂ ದೊಡ್ಡ ತಂತು, ಗಂಟಿನೊಳಗೂ ಬಿಡಿಯಾಗಿ ಕಾಣುತ್ತದೆ. ಕೋಶವಿಭಜನೆಯನ್ನು ಅಧ್ಯಯನ ಮಾಡುವವರು ಈ ಪ್ರಾಣಿಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಇಟ್ಟುಕೊಂಡಿರುವುದು ಅದಕ್ಕೇ.