‘ವೆರಿ ಬೆಟರ್’ ತಪ್ಪು, ಸರಿ. ಆದರೆ ‘ಮಚ್ ಬೆಟರ್’ ಅನ್ನಬಹುದಾ?

ಪ್ರಶ್ನೆ: ಮಾಸ್ಟ್ರೇ, ಮಗಳು ಇಂಟರ್‌ವ್ಯೂಗೆ ತಯಾರಿ ಮಾಡುತ್ತಿದ್ದಾಳೆ. ‘ದಿಸ್ ಕಂಪನಿ ಈಸ್ ವೆರಿ ಬೆಟರ್ ದ್ಯಾನ್ ಮೈ ಓಲ್ಡ್ ಒನ್’ ಅಂತ ಬರೆದಿದ್ದಳು. ನೀವು ಹಿಂದೆ ಹೇಳಿದ್ದು ನೆನಪಿತ್ತು, ‘ಮಚ್ ಬೆಟರ್’ ಮಾಡು ಅಂದೆ. ‘ಮಚ್ ಎಣಿಸೋಕೆ ಆಗದ ವಸ್ತುಗಳಿಗೆ ಮಾತ್ರ, ಸ್ಕೂಲಲ್ಲಿ ಕಲಿಸಿದ್ದಾರೆ’ ಅಂತ ಹಟ ಹಿಡಿದಳು. ಕೊನೆಗೆ ‘ಮೋರ್ ಬೆಟರ್’ ಅಂತ ತಿದ್ದಿಕೊಂಡಿದ್ದಾಳೆ. ಯಾವುದು ಸರಿ? (ಡೊಂಬಿವಲಿಯ ಓದುಗರು)

ನೀವು ಹೇಳಿದ್ದೇ ಸರಿ. ‘ಮಚ್ ಬೆಟರ್’. ದೂರ ಅನ್ನುವ ಅರ್ಥದ ‘ಫಾರ್’ ಹಾಕಿ ‘ಫಾರ್ ಬೆಟರ್’ ಅಂದರೂ ಸರಿ. ‘ಎ ಲಾಟ್ ಬೆಟರ್’ ಮಾತಿಗೆ ಚೆನ್ನ, ಅರ್ಜಿಗೆ ಮೊದಲಿನ ಎರಡು ಚೆನ್ನ. ವ್ಯತ್ಯಾಸ ಸ್ವಲ್ಪವೇ ಇದ್ದರೆ ‘ಎ ಬಿಟ್ ಬೆಟರ್’ ಅಥವಾ ‘ಸ್ಲೈಟ್ಲಿ ಬೆಟರ್’. ‘ವೆರಿ ಬೆಟರ್’, ‘ಮೋರ್ ಬೆಟರ್’ ಎರಡೂ ಬೇಡ.

ಈ ಪ್ರಶ್ನೆ ಮುಂಬೈಯ ಮಾಟುಂಗಾದಿಂದಲೂ ಬರುತ್ತದೆ, ಭಾಂಡುಪ್‌ನಿಂದಲೂ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಕನ್ನಡದಲ್ಲಿ ‘ತುಂಬಾ ಚೆನ್ನಾಗಿದೆ’ ಅನ್ನುತ್ತೇವೆ, ‘ಅದಕ್ಕಿಂತ ತುಂಬಾ ಚೆನ್ನಾಗಿದೆ’ ಅಂತಲೂ ಅನ್ನುತ್ತೇವೆ. ಎರಡೂ ಕಡೆ ಅದೇ ‘ತುಂಬಾ’. ಹೋಲಿಕೆಯ ಕೆಲಸವನ್ನೆಲ್ಲ ‘ಗಿಂತ’ ನೋಡಿಕೊಳ್ಳುತ್ತದೆ. ಪಕ್ಕದ ಮನೆಯ ಮರಾಠಿಯ ‘ಖೂಪ್’, ಟ್ರೇನಿನ ಹಿಂದಿಯ ‘ಬಹುತ್’ ಕೂಡ ಹಾಗೇ. ಸುತ್ತ ಕಿವಿಗೆ ಬೀಳುವ ಭಾಷೆಗಳೆಲ್ಲ ಒಂದೇ ದಾರಿ ಹಿಡಿದಿರುವಾಗ, ಇಂಗ್ಲಿಷ್ ಬೇರೆ ದಾರಿ ಹಿಡಿದಿದೆ ಅಂತ ಮುಂಬೈ ಮಕ್ಕಳಿಗೆ ಹೊಳೆಯುವುದು ಕಷ್ಟ.

ಇಂಗ್ಲಿಷಿನಲ್ಲಿ ‘ಗುಡ್’ ಬೇರೆ, ‘ಬೆಟರ್’ ಬೇರೆ. ‘ವೆರಿ ಗುಡ್’ ಅಂದರೆ ಒಂದು ವಸ್ತು ಎಷ್ಟು ಒಳ್ಳೆಯದು ಅಂತ. ‘ಬೆಟರ್’ ಬಂದ ಕೂಡಲೇ ಎರಡು ವಸ್ತುಗಳಾದವು, ನಡುವೆ ಒಂದು ಅಂತರ ಬಂತು. ಆಮೇಲೆ ನಾವು ಹೇಳಬೇಕಾದದ್ದು ಆ ಅಂತರ ಎಷ್ಟು ಅಂತ. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗುವವರು ಸ್ಲೋ ಟ್ರೇನ್ ಬಿಟ್ಟು ಫಾಸ್ಟ್‌ಗೆ ಕಾಯುತ್ತಾರೆ, ಯಾಕೆ? ‘ದ ಫಾಸ್ಟ್ ಟ್ರೇನ್ ಈಸ್ ಫಿಫ್ಟೀನ್ ಮಿನಿಟ್ಸ್ ಕ್ವಿಕರ್’ ಅಂತ. ಆ ಹದಿನೈದು ನಿಮಿಷ ತೆಗೆದು ಅದೇ ಜಾಗದಲ್ಲಿ ‘ಮಚ್’ ಇಡಿ: ‘ಮಚ್ ಕ್ವಿಕರ್’. ಕೂತಿತು. ‘ಫಿಫ್ಟೀನ್ ಮಿನಿಟ್ಸ್ ಕ್ವಿಕ್’ ಅಂತ ಯಾರೂ ಹೇಳುವುದಿಲ್ಲ, ಅಲ್ಲಿ ಬರುವುದು ‘ವೆರಿ ಕ್ವಿಕ್’. ‘ಟೆನ್ ರುಪೀಸ್ ಚೀಪರ್’, ‘ಟೂ ಇಂಚಸ್ ಟಾಲರ್’ ಎಲ್ಲಕ್ಕೂ ಇದೇ ಪರೀಕ್ಷೆ ಸಾಕು. ಹೋಲಿಕೆಯ ಪದದ ಜೊತೆ ಅಳತೆ ಕೂರುವ ಕಡೆ ‘ಮಚ್’ ಕೂರುತ್ತದೆ, ‘ವೆರಿ’ ಕೂರುವುದಿಲ್ಲ. ‘ವೆರಿ’ ಬೇಕೇ ಬೇಕು ಅನ್ನುವವರು ‘ವೆರಿ ಮಚ್ ಬೆಟರ್’ ಅನ್ನಬಹುದು. ಅಲ್ಲಿ ‘ವೆರಿ’ ಅಂಟಿಕೊಂಡಿರುವುದು ‘ಮಚ್’ಗೆ, ‘ಬೆಟರ್’ಗೆ ಅಲ್ಲ.

ಈಗ ನಿಮ್ಮ ಮಗಳು ಹಿಡಿದ ಹಟಕ್ಕೆ, ಅಂದರೆ ‘ಮಚ್’ ಎಣಿಸಲಾಗದ ವಸ್ತುಗಳಿಗೆ ಮಾತ್ರ ಅನ್ನುವ ಮಾತಿಗೆ ಬರುತ್ತೇನೆ. ಈ ತಪ್ಪು ಕಲ್ಪನೆ ಎಷ್ಟು ಗಟ್ಟಿಯಾಗಿದೆ ಅಂದರೆ, ಇಂಗ್ಲಿಷ್ ಚೆನ್ನಾಗಿ ಓದಿದವರೂ ‘ಮಚ್’ ಬರೆಯಲು ಹೆದರಿ ‘ವೆರಿ’ಗೋ ‘ಮೋರ್’ಗೋ ಜಾರುತ್ತಾರೆ. ನನಗೆ ಬೇಸರವಾಗುವುದು ಇಲ್ಲೇ. ಅರ್ಧ ನಿಯಮ ಕಲಿತ ಮಗು ಸರಿಯಾದ ಮಾತನ್ನು ಬಿಟ್ಟು ತಪ್ಪಿನ ಕಡೆ ಹೋಗುತ್ತದೆ, ಅದೂ ಪೂರ್ತಿ ಧೈರ್ಯದಿಂದ.

‘ಮಚ್ ಮಿಲ್ಕ್’, ‘ಮೆನಿ ಕಪ್ಸ್’. ಹಾಲು ಎಣಿಸಲಾಗದು, ಕಪ್ಪು ಎಣಿಸಬಹುದು. ಈ ಪಾಠದಲ್ಲಿ ತಪ್ಪೇನೂ ಇಲ್ಲ. ಆದರೆ ಅದು ನಾಮಪದದ ಪಾಠ. ಹಾಲು, ನೀರು, ದುಡ್ಡು, ಸಮಯ ಇಂಥ ಹೆಸರುಗಳ ಹಿಂದೆ ‘ಮಚ್’ ನಿಂತಾಗ ಮಾತ್ರ ಆ ಪಾಠಕ್ಕೆ ಕೆಲಸ. ‘ಮಚ್ ಬೆಟರ್’ನಲ್ಲಿ ‘ಮಚ್’ನ ಮುಂದೆ ನಾಮಪದವೇ ಇಲ್ಲ. ‘ಬೆಟರ್’ ಗುಣವಾಚಕ. ಅದನ್ನು ಎಣಿಸುವ ಪ್ರಶ್ನೆಯೇ ಏಳುವುದಿಲ್ಲ.

‘ಹಾಗಾದರೆ ಮುಂದೆ ಎಣಿಸುವ ವಸ್ತು ಬಂದರೆ?’ ಅಂತ ಕೇಳುತ್ತಾರೆ. ಬರಲಿ. ಲೋವರ್ ಪರೇಲಿನಲ್ಲಿ ಮಿಲ್ಲುಗಳಿದ್ದ ಜಾಗದಲ್ಲಿ ಎದ್ದ ಕಟ್ಟಡಗಳನ್ನು ನೋಡಿ ‘ಮಚ್ ಟಾಲರ್ ಬಿಲ್ಡಿಂಗ್ಸ್’ ಅನ್ನುತ್ತೇವೆ. ಬಿಲ್ಡಿಂಗುಗಳನ್ನು ಬೆರಳು ಮಡಚಿ ಎಣಿಸಬಹುದು, ಆದರೂ ‘ಮಚ್’. ಯಾಕೆಂದರೆ ಅದು ಹಿಡಿದಿರುವುದು ‘ಟಾಲರ್’ನ ಕೈ. ‘ಮೆನಿ ಟಾಲರ್ ಬಿಲ್ಡಿಂಗ್ಸ್’ ಅಂತ ತಿದ್ದಿ ನೋಡಿ, ಅರ್ಥವೇ ಬೇರೆ: ಎತ್ತರದ ಕಟ್ಟಡಗಳ ಸಂಖ್ಯೆ ಜಾಸ್ತಿ ಅಂತಾಯಿತು. ಎತ್ತರದ ಅಂತರ ಜಾಸ್ತಿ ಅನ್ನುವ ಮಾತು ಮಾಯವಾಯಿತು.

ಇದರ ಜೊತೆಗೇ ಇನ್ನೊಂದು ಹೆದರಿಕೆ: ‘ಮಚ್’ ಪ್ರಶ್ನೆಯಲ್ಲಿ, ಇಲ್ಲ ಅನ್ನುವ ವಾಕ್ಯದಲ್ಲಿ ಮಾತ್ರ ಬರಬೇಕು ಅಂತ. ಇದೂ ನಾಮಪದದ ಕಡೆಯಿಂದ ಬಂದದ್ದೇ. ‘ಐ ಹ್ಯಾವ್ ಮಚ್ ಮನಿ’ ಕಿವಿಗೆ ಒಡ್ಡಾಗಿ ಕೇಳುತ್ತದೆ, ನಿಜ. ‘ಐ ಫೀಲ್ ಮಚ್ ಬೆಟರ್’ ಹಾಗೆ ಒಡ್ಡಾಗಿ ಕೇಳುವುದಿಲ್ಲ. ಜ್ವರ ಬಿಟ್ಟವರು ದಿನಾ ಹೇಳುವ ಮಾತು ಅದು.

ಒಂದು ಕಡೆ ಎಣಿಕೆ ನಿಜವಾಗಿ ಒಳಗೆ ಬರುತ್ತದೆ. ‘ಮೋರ್’ ಮುಂದೆ ಬಹುವಚನದ ಹೆಸರು ಇದ್ದಾಗ ‘ಮೆನಿ ಮೋರ್ ಪ್ಯಾಸೆಂಜರ್ಸ್’ ಅನ್ನಬೇಕು, ‘ಮಚ್ ಮೋರ್ ಪ್ಯಾಸೆಂಜರ್ಸ್’ ಅಲ್ಲ. ದಾದರಿನಲ್ಲಿ ಹತ್ತುವವರ ಲೆಕ್ಕ ‘ಮೆನಿ ಮೋರ್’, ನಮಗೆ ಬೇಕಾದ ಜಾಗದ ಲೆಕ್ಕ ‘ಮಚ್ ಮೋರ್ ಸ್ಪೇಸ್’. ಸ್ಕೂಲಿನ ಪಾಠ ಇಲ್ಲಿಗೆ ಹೊಂದುತ್ತದೆ, ‘ಬೆಟರ್’ಗೆ ಹೊಂದುವುದಿಲ್ಲ.

ಇನ್ನು ‘ಮೋರ್ ಬೆಟರ್’. ‘ಬೆಟರ್’ ಒಳಗೇ ‘ಹೆಚ್ಚು’ ಇದೆ, ಮತ್ತೊಂದು ‘ಮೋರ್’ ಬೇಕಿಲ್ಲ. ಅಷ್ಟೇ ವಿಷಯ. ಆದರೆ ಇಷ್ಟು ಹೇಳಿದರೆ ಯಾರಾದರೂ ಒಬ್ಬರು ಷೇಕ್ಸ್‌ಪಿಯರ್‌ನನ್ನು ಎಳೆದು ತರುತ್ತಾರೆ. ಹೌದು, ಅವನು ನಾಟಕದಲ್ಲಿ ‘ಮೋರ್ ಬೆಟರ್’ ಬರೆದಿದ್ದಾನೆ. ಅವನ ಕಾಲದಲ್ಲಿ ಒತ್ತು ಕೊಡಲು ಹೀಗೆ ಎರಡು ಸಲ ಹೇಳುವುದು ಸಾಮಾನ್ಯವಾಗಿತ್ತು. 18ನೇ ಶತಮಾನದ ವ್ಯಾಕರಣಕಾರರು ಇದನ್ನು ಒಪ್ಪಲಿಲ್ಲ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಇದನ್ನು ತಪ್ಪು ಅಂತಲೇ ಬರೆದ. ಅಲ್ಲಿಂದ ಇತ್ತ ಬರವಣಿಗೆಯ ಇಂಗ್ಲಿಷ್ ಆ ದಾರಿಗೆ ಮರಳಿಲ್ಲ. ಇಂಟರ್‌ವ್ಯೂ ಮಾಡುವವರು ನೋಡುವುದು ಇಂದಿನ ಇಂಗ್ಲಿಷನ್ನು.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಹೀಗೆ ಎರಡು ಸಲ ‘ಹೆಚ್ಚಿಸಿದ’ ಪದವೊಂದು ಬದುಕಿ ಉಳಿದಿದೆ: ‘ಲೆಸ್ಸರ್’. ‘ಲೆಸ್’ ಮೊದಲೇ ಹೋಲಿಕೆಯ ಪದ, ಅದಕ್ಕೆ ಮತ್ತೆ ‘ಅರ್’ ಸೇರಿತು. 1755ರ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದನ್ನು ಚೆನ್ನಾಗಿಯೇ ಬೈದಿದ್ದಾನೆ. ಆದರೂ ಅದು ಹೋಗಲಿಲ್ಲ. ಠಾಣೆ ಖಾಡಿಯ (ಕಡಲ ಹಿನ್ನೀರಿನ) ಕೆಸರಿಗೆ ಬರುವ ಗುಲಾಬಿ ಹಕ್ಕಿಗಳಲ್ಲಿ ಚಿಕ್ಕ ಜಾತಿಯ ಹೆಸರೇ ‘ಲೆಸ್ಸರ್ ಫ್ಲೆಮಿಂಗೋ’. ಆದರೆ ಗಮನಿಸಿ, ಈ ಪದ ಸಾಮಾನ್ಯವಾಗಿ ಹೆಸರಿನ ಹಿಂದೆ ನಿಲ್ಲುತ್ತದೆ, ‘ದ್ಯಾನ್’ ಜೊತೆ ಸೇರುವುದಿಲ್ಲ. ‘ಲೆಸ್ಸರ್ ದ್ಯಾನ್ ಸಿಕ್ಸ್‌ಟಿ ಪರ್ಸೆಂಟ್’ ತಪ್ಪು, ‘ಲೆಸ್ ದ್ಯಾನ್’ ಸರಿ. ನಿಮ್ಮ ಮಗಳು ಹಳೆ ಕೆಲಸದ ಸಂಬಳದ ಮಾತು ಬಂದಾಗ ‘ಮಚ್ ಲೆಸ್ಸರ್ ಸ್ಯಾಲರಿ’ ಅನ್ನುವುದೂ ಬೇಡ. ‘ಮಚ್ ಲೋವರ್ ಸ್ಯಾಲರಿ’ ಅನ್ನಲಿ.