ಥಾಯ್ಲೆಂಡ್ ಶಿಷ್ಟಾಚಾರ: ನಮ್ಮ ಹಾಗೇ ಕಾಣುವ ಕಡೆ ಎಚ್ಚರ

ಚಪ್ಪಲಿ ಹೊರಗೆ ಬಿಡುವುದು, ಹೊಸಿಲು ತುಳಿಯದಿರುವುದು, ಇವನ್ನೆಲ್ಲ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಥಾಯ್ ಶಿಷ್ಟಾಚಾರದಲ್ಲಿ ಅರ್ಧ ಪಾಠ ಮೊದಲೇ ಗೊತ್ತು ಅನಿಸುತ್ತದೆ. ನಾವು ಎಡವುವುದು ಅಲ್ಲೇ.

ಮೊದಲು 'ವಾಯ್' ನೋಡೋಣ. ಕೈ ಜೋಡಿಸಿ ತಲೆ ಬಾಗಿಸುವುದು. ನಮ್ಮ ನಮಸ್ಕಾರವೇ ಅಲ್ವಾ? ಪೂರ್ತಿ ಅಲ್ಲ. ಕೈ ಎಷ್ಟು ಮೇಲಿದೆಯೋ ಗೌರವ ಅಷ್ಟು ಜಾಸ್ತಿ. ಭಿಕ್ಷುಗಳಿಗೆ ಮತ್ತು ಬುದ್ಧನ ಮೂರ್ತಿಗೆ ಹೆಬ್ಬೆರಳು ಹುಬ್ಬುಗಳ ನಡುವೆ ಬರಬೇಕು. ತಂದೆತಾಯಿ, ಗುರುಗಳಿಗೆ ಮೂಗಿನ ತುದಿಗೆ. ಉಳಿದ ಹಿರಿಯರಿಗೆ ಗದ್ದದ ಹತ್ತಿರ. ಚಿಕ್ಕವರು ಮೊದಲು ವಾಯ್ ಮಾಡುತ್ತಾರೆ, ಆಮೇಲೆ ದೊಡ್ಡವರು. ಭಿಕ್ಷುಗಳು ತಿರುಗಿ ವಾಯ್ ಮಾಡುವುದಿಲ್ಲ, ಬೇಸರ ಬೇಡ. ಹೋಟೆಲ್ ಸಿಬ್ಬಂದಿ, ಅಂಗಡಿಯವರು ಮಾಡಿದರೆ ನಕ್ಕು ತಲೆಯಾಡಿಸಿದರೆ ಸಾಕು. ಸುಮ್ನೆ ಕಂಡಕಂಡವರಿಗೆಲ್ಲ ನಾವೇ ಮೊದಲು ಕೈ ಮುಗಿಯುತ್ತಾ ಹೋದರೆ ಅವರಿಗೇ ಮುಜುಗರ.

ಇನ್ನು ತಲೆ. ಮುದ್ದಾದ ಮಗು ಕಂಡರೆ ನಮ್ಮ ಕೈ ತಾನಾಗಿ ಅದರ ತಲೆ ಸವರುತ್ತದೆ. ಅಲ್ಲಿ ಮೈಯಲ್ಲೆಲ್ಲ ತಲೆಯೇ ಪವಿತ್ರ, ಪಾದವೇ ಕೀಳು. ಗೊತ್ತಿಲ್ಲದವರ ತಲೆ ಮುಟ್ಟಲೇಬೇಡಿ. ಗುಡಿಯಲ್ಲಿ ಅಂಗಾಲು ಬುದ್ಧನ ಕಡೆ ತೋರಬಾರದು. ಭಿಕ್ಷುಗಳ ಮುಂದೆ ಚಕ್ಕಳಮಕ್ಕಳಕ್ಕಿಂತ, ಎರಡೂ ಕಾಲು ಒಂದೇ ಪಕ್ಕಕ್ಕೆ ಮಡಚಿ ಹಿಂದಕ್ಕೆ ಇಟ್ಟು ಕೂರುವುದು ಹೆಚ್ಚು ಸಭ್ಯ. ಮಂಡಿ ನೋವಿದ್ದವರಿಗೆ ಇದು ಶಿಕ್ಷೆಯೇ ಸರಿ.

ಸ್ವಾಮಿಗಳ ಪಾದ ಮುಟ್ಟಿ ನಮಸ್ಕರಿಸುವ ರೂಢಿಯಿರುವ ಹೆಂಗಸರು ಇದನ್ನು ಗುರುತು ಹಾಕಿಕೊಳ್ಳಿ: ಭಿಕ್ಷುವನ್ನು ಹೆಂಗಸರು ಮುಟ್ಟುವಂತಿಲ್ಲ, ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ. ಭಿಕ್ಷು ಒಂದು ಬಟ್ಟೆ ಹಾಸುತ್ತಾರೆ, ಅದರ ಮೇಲಿಡಬೇಕು.

ಊಟ ಸುಲಭ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕ್ ಇರುವುದು ಅನ್ನವನ್ನು ಚಮಚಕ್ಕೆ ತಳ್ಳಲು, ಬಾಯಿಗಿಡಲು ಅಲ್ಲ. ಅಂಟು ಅನ್ನವನ್ನು ಕೈಯಲ್ಲೇ ಉಂಡೆ ಮಾಡಿ ತಿನ್ನುತ್ತಾರೆ. ಅಲ್ಲಿ ನಾವು ಆರಾಮ.

ರಾಜಮನೆತನದ ವಿಷಯ ಮಾತ್ರ ಬರೀ ಶಿಷ್ಟಾಚಾರವಲ್ಲ, ಕಾನೂನು. ದಂಡಸಂಹಿತೆಯ 112ನೇ ಕಲಮಿನ ಪ್ರಕಾರ ರಾಜ, ರಾಣಿ, ಯುವರಾಜರನ್ನು ಅವಮಾನಿಸಿದರೆ 3ರಿಂದ 15 ವರ್ಷ ಜೈಲು. ವಿದೇಶಿಯರಿಗೂ ವಿನಾಯಿತಿಯಿಲ್ಲ. ನೋಟು, ನಾಣ್ಯಗಳ ಮೇಲೆ ರಾಜನ ಚಿತ್ರವಿದೆ. ಉರುಳುವ ನಾಣ್ಯವನ್ನು ಕಾಲಿಂದ ತಡೆಯಬೇಡಿ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿಸಿದರೆ ಇದ್ದಲ್ಲೇ ನಿಲ್ಲಿ.

ಬುದ್ಧನ ಮೂರ್ತಿ ಊರಿಗೆ ತರುವ ಆಸೆಯಿದ್ದರೆ ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ದುಡ್ಡು ಕೊಡುವ ಮುಂಚೆಯೇ ಅಂಗಡಿಯಲ್ಲಿ ವಿಚಾರಿಸಿ.