ನೆಟಿಕೆಯ ಸದ್ದಿಗಿಂತ ಮೊದಲು: ಕೈರೋಪ್ರಾಕ್ಟಿಕ್ ಟಿಪ್ಪಣಿ

ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದಲೇ ಥಟ್ಟನೆ ಒತ್ತಿ, ತಿರುಚಿ ನೋವು ಕಳೆಯಲು ನೋಡುವ ಚಿಕಿತ್ಸೆ ಕೈರೋಪ್ರಾಕ್ಟಿಕ್. ಬೆನ್ನು ಲಟಲಟ ಎನ್ನಿಸುವ ಅದರ ವಿಡಿಯೊಗಳನ್ನು ಮೊಬೈಲ್‌ನಲ್ಲಿ ನೋಡಿದವರು ಆ ಸದ್ದನ್ನೇ ಚಿಕಿತ್ಸೆ ಎಂದುಕೊಳ್ಳುತ್ತಾರೆ. ನಾನೂ ಓದಲು ಕೂರುವವರೆಗೆ ಹಾಗೆಯೇ ತಿಳಿದಿದ್ದೆ. ಬೆರಳಿನ ನೆಟಿಕೆ ತೆಗೆದಾಗ ಕೇಳುವ ಸದ್ದಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಕೀಲನ್ನು ಥಟ್ಟನೆ ಹಿಗ್ಗಿಸಿದಾಗ ಒಳಗಿನ ಒತ್ತಡ ಕುಸಿದು, ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುತ್ತದೆ. ಮೂಳೆ ಜಾಗಕ್ಕೆ ಕೂತ ಸದ್ದು ಅದಲ್ಲ. ಸದ್ದು ಬರಲಿಲ್ಲವೆಂದು ಇನ್ನೊಮ್ಮೆ ತಿರುಚಿಸಿಕೊಳ್ಳುವ ಅಗತ್ಯವೂ ಇಲ್ಲ.

ಈ ಪದ್ಧತಿ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ. ಡಿ.ಡಿ. ಪಾಮರ್ ಎಂಬಾತ ಹಾರ್ವಿ ಲಿಲ್ಲಾರ್ಡ್ ಎಂಬುವರ ಬೆನ್ನನ್ನು ಒತ್ತಿ ಕಿವುಡು ಹೋಗಲಾಡಿಸಿದ್ದಾಗಿ ಹೇಳಿಕೊಂಡ. ಬೆನ್ನುಮೂಳೆ ಸ್ಥಾನ ತಪ್ಪಿ ನರಗಳನ್ನು ಅದುಮುವುದೇ ಬಹುತೇಕ ರೋಗಗಳ ಮೂಲ ಎಂಬುದು ಅವನ ವಾದ. ಆದರೆ ಶ್ರವಣ ನರ ಬೆನ್ನುಹುರಿಯ ಮೂಲಕ ಹಾಯುವುದೇ ಇಲ್ಲ. ಒಳಗಿವಿಯಿಂದ ತಲೆಬುರುಡೆಯೊಳಗೇ ಮಿದುಳಿನ ಕಾಂಡಕ್ಕೆ ಸೇರುತ್ತದೆ. ಈ ಅಂಗರಚನೆ ನೆನಪಿದ್ದರೆ ಸಾಕು, ಆಸ್ತಮಾ, ಮಧುಮೇಹ ವಾಸಿಮಾಡುತ್ತೇವೆ ಎಂಬ ಜಾಹೀರಾತುಗಳನ್ನು ಹೇಗೆ ನೋಡಬೇಕೆಂದು ತಿಳಿಯುತ್ತದೆ.

ಹಾಗೆಂದು ಪೂರ್ತಿ ತಳ್ಳಿಹಾಕುವಂತಿಲ್ಲ. ಸೊಂಟನೋವಿಗೆ ಔಷಧಕ್ಕೆ ಮೊದಲು ಯೋಚಿಸಬಹುದಾದ ಕ್ರಮಗಳಲ್ಲಿ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಮಾಡುವ ಇಂಥ ಚಿಕಿತ್ಸೆಯನ್ನೂ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಸೇರಿಸಿತು. ಶಾಖ, ಮಸಾಜ್ ಕೂಡ ಅದೇ ಪಟ್ಟಿಯಲ್ಲಿವೆ. ಪ್ರಯೋಜನ ಸಾಧಾರಣ ಮಟ್ಟದ್ದು. ಬ್ರಿಟನ್ನಿನ ಮಾರ್ಗಸೂಚಿಯಂತೂ ವ್ಯಾಯಾಮದ ಜೊತೆಗಷ್ಟೇ ಇದನ್ನು ಪರಿಗಣಿಸಿ ಎನ್ನುತ್ತದೆ.

ಮೊದಲ ಭೇಟಿಯಲ್ಲಿ ಗಮನಿಸಬೇಕಾದದ್ದು ಕೈಚಳಕವನ್ನಲ್ಲ, ಕೈ ಇಡುವ ಮೊದಲು ಕೇಳುವ ಪ್ರಶ್ನೆಗಳನ್ನು. ಮೂಳೆ ಸವಕಳಿ ಇದೆಯೇ? ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೀರಾ? ಹಿಂದೆ ಕ್ಯಾನ್ಸರ್ ಬಂದಿತ್ತೇ, ಇತ್ತೀಚೆಗೆ ಬಿದ್ದಿದ್ದಿರಾ, ಸಂಧಿವಾತವಿದೆಯೇ? ಅವರು ಕೇಳದಿದ್ದರೆ ನೀವೇ ಹೇಳಿ. ಏನನ್ನೂ ವಿಚಾರಿಸದೆ ಮಂಚದ ಮೇಲೆ ಮಲಗಿ ಎಂದವರಲ್ಲಿ ಮಲಗಬೇಡಿ; ಎದ್ದು ಬರಲು ಸಂಕೋಚವೇ ಬೇಡ. ತೊಡೆಸಂದಿನಲ್ಲಿ ಮರಗಟ್ಟಿದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳತುದಿಯ ನರಗುಚ್ಛದ ಮೇಲೆ ಒತ್ತಡ ಬಿದ್ದಿದ್ದರೆ ತಡವಾದಷ್ಟೂ ನಷ್ಟ ಕಾಯಂ ಆಗಬಹುದು. ಜ್ವರವೋ ಕಾರಣವಿಲ್ಲದ ತೂಕ ಇಳಿಕೆಯೋ ಬೆನ್ನುನೋವಿನ ಜೊತೆಗಿದ್ದರೂ ಮೊದಲು ವೈದ್ಯರ ಬಳಿಗೆ ಹೋಗಿ.

ಕುತ್ತಿಗೆಯ ವಿಷಯವನ್ನು ಬೇರೆಯಾಗಿಯೇ ಬರೆದುಕೊಳ್ಳಿ. ಮಿದುಳಿಗೆ ರಕ್ತ ಒಯ್ಯುವ ಎರಡು ಅಪಧಮನಿಗಳು ಕುತ್ತಿಗೆಯ ಮೂಳೆಗಳ ರಂಧ್ರಗಳಲ್ಲೇ ಸಾಗುತ್ತವೆ. ಜೋರಾಗಿ ತಿರುಚಿದ ನಂತರ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಅಪರೂಪ, ಆದರೆ ಭೀಕರ. ನಮ್ಮ ಕ್ಷೌರದಂಗಡಿಗಳಲ್ಲಿ ತಲೆ ಮಸಾಜಿನ ಕೊನೆಗೆ ಕುತ್ತಿಗೆ ನೆಟಿಕೆ ತೆಗೆಯುವ ರೂಢಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ‘ಕುತ್ತಿಗೆ ಮುಟ್ಟಬೇಡಿ’ ಎನ್ನುವ ಹಕ್ಕು ನಿಮಗಿದೆ. ಕುತ್ತಿಗೆ ತಿರುಚಿಸಿಕೊಂಡ ಮೇಲೆ ಹಿಂದೆಂದೂ ಕಾಣದ ತಲೆನೋವು, ತಲೆಸುತ್ತು, ಮಾತಿನಲ್ಲಿ ತೊದಲು ಕಂಡರೆ ಕಾಯುತ್ತ ಕೂರಬೇಡಿ.

ಇವಿಷ್ಟನ್ನು ಬಿಟ್ಟರೆ, ಚಿಕಿತ್ಸೆಯ ನಂತರ ಒಂದೆರಡು ದಿನ ಮೈಕೈ ನೋಯುವುದು ಸಾಮಾನ್ಯ. ಕೆಲವು ವಾರಗಳಲ್ಲಿ ನೋವು ಇಳಿಯದಿದ್ದರೆ ಅದನ್ನೇ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ವರ್ಷವಿಡೀ ಬರಬೇಕೆಂದು ಮೊದಲ ದಿನವೇ ಮುಂಗಡ ಕೇಳಿದರೆ ಕೊಡಬೇಡಿ.